ಇಮಾಂಬಿಯ ಕುಡಿಕೆ

ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲೂ ನಿಜವೇ, ಆದರೆ ಅದನ್ನು ನಂಬುವ ಜನ ಇನ್ನೂ ಹುಟ್ಟಿಲ್ಲ. ನನ್ನ ಹೆಸರು ಪಿಂಜಾರ ಮೌಲಪ್ಪ. ಹತ್ತಿ ಹಿಂಜಿ ಗಾದಿ ತುಂಬುವುದು ನನ್ನ ಕಸುಬು. ಶಾಲೆಗೆ ಹೋದದ್ದು ಎರಡು ಸಲ, ಎರಡೂ ಸಲ ಮೇಷ್ಟರ ಗಾದಿ ತುಂಬಲಿಕ್ಕೆ. ನಾನು ತುಂಬಿದ ಗಾದಿಯ ಮೇಲೆ ಮಲಗಿದ ಒಬ್ಬ ಹನ್ನೊಂದು ದಿನ ಏಳಲೇ ಇಲ್ಲ. ಎದ್ದಾಗ ಮಗಳ ಮದುವೆ ಮುಗಿದು ಬೀಗರು ಊರಿಗೆ ಹೋಗಿಬಿಟ್ಟಿದ್ದರು. ಅದಿರಲಿ. ನಾನು ಹೇಳಬೇಕೆಂದು ಕೂತದ್ದು ನನ್ನ ಹೆಂಡತಿ ಇಮಾಂಬಿಯ ಓಟಿನ ವಿಷಯ.

ನಮ್ಮ ಊರಲ್ಲಿ ಓಟು ಹಾಕುವುದು ಕುಡಿಕೆಯಲ್ಲಿ. ಬೇಲದ ಹಣ್ಣಿನ ಗಾತ್ರದ ಮಣ್ಣಿನ ಕುಡಿಕೆ. ಅದರ ಬಾಯಿಗೆ ತುಟಿ ಹಚ್ಚಿ, ಬೇಕಾದವರ ಹೆಸರು ಹೇಳಿ, ಮಾತು ಆರುವ ಮೊದಲೇ ಹಸಿ ಜೇಡಿಮಣ್ಣಿನ ಬಿಲ್ಲೆ ಮುಚ್ಚಿ ಹೆಬ್ಬೆಟ್ಟು ಒತ್ತಬೇಕು. ಎಣಿಸುವಾಗ ಕುಡಿಕೆ ಒಡೆದರೆ ಹೆಸರು ಹೊರಗೆ ಬರುತ್ತದೆ, ಹೇಳಿದವರ ದನಿಯಲ್ಲೇ, ಒಂದೇ ಒಂದು ಸಲ. ಮತ್ತೆ ಬೇಕೆಂದರೆ ಇಲ್ಲ. ದನಿಯ ಗುರುತು ಸಿಗಬಾರದೆಂದು ಕೆಲವರು ಬಾಯಲ್ಲಿ ಅಡಿಕೆ ಇಟ್ಟುಕೊಂಡು ಹೇಳುತ್ತಾರೆ, ಕೆಲವರು ಮೂಗು ಹಿಡಿದುಕೊಳ್ಳುತ್ತಾರೆ. ಹೆಸರು ಬಿಟ್ಟು ಒಂದು ಮಾತು ಹೆಚ್ಚಾದರೂ ಅದು ಕೆಟ್ಟ ಕುಡಿಕೆ, ಲೆಕ್ಕಕ್ಕಿಲ್ಲ. ನಮ್ಮವರಿಗೆ ಈ ಕಟ್ಟಳೆ ಬಹಳ ಕಷ್ಟ. ಮುದುಕಿಯರು ಕುಡಿಕೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಮೊದಲು ಅದರ ಆರೋಗ್ಯ ವಿಚಾರಿಸುತ್ತಾರೆ. ಒಬ್ಬಾತ ಹೆಸರು ಹೇಳಿ, ಅಭ್ಯಾಸಬಲದಿಂದ ಚಹಾ ಕುಡಿದು ಹೋಗು ಎಂದೂ ಸೇರಿಸಿದ್ದ.

ಮತ್ತೊಂದು ಏನೆಂದರೆ, ನಮ್ಮಲ್ಲಿ ಚುನಾವಣೆ ಎರಡು ಸಲ. ಮೊದಲನೆಯದು ಪಾರ್ಟಿಯ ಒಳಗೆ, ಊರಿನ ಅಧ್ಯಕ್ಷಗಿರಿಗೆ ಯಾರನ್ನು ನಿಲ್ಲಿಸಬೇಕು ಎನ್ನುವುದಕ್ಕೆ. ಎರಡನೆಯದು ಹೊರಗಿನವರ ಜೊತೆ. ಆ ಸಲ ಮೊದಲನೆಯದಕ್ಕೆ ಆಸೆಪಟ್ಟವರು ಇಬ್ಬರು. ಒಬ್ಬ ಆಗಲೇ ಅಧ್ಯಕ್ಷನಾಗಿದ್ದ ಪಂಪಣ್ಣ. ಇನ್ನೊಬ್ಬಳು ಸೂಲಗಿತ್ತಿ ದುರುಗವ್ವ, ಊರಿನ ಅರ್ಧ ಜನರನ್ನು ಕೈಯಲ್ಲಿ ಹಿಡಿದು ಹೊರಗೆ ಎಳೆದವಳು.

ಯಾವಾಗಲೂ ಒಂಬತ್ತು ಕಡೆ ಕುಡಿಕೆ ಇಡುತ್ತಿದ್ದರು, ಓಣಿಗೊಂದು. ಆ ಸಲ ಪಂಪಣ್ಣ ಒಂದೇ ಕಡೆ ಎಂದು ಗೊತ್ತು ಮಾಡಿದ. ಒಂಬತ್ತು ಕಡೆಯಿಂದ ಗಾಡಿಯಲ್ಲಿ ತರುವಾಗ ಕುಡಿಕೆಗಳು ಕುಲುಕಿ ಒಳಗಿನ ಮಾತು ಕಲಸಿಹೋಗುತ್ತವೆ, ದುರುಗವ್ವನ ಹೆಸರಿನ ಬಾಲ ಪಂಪಣ್ಣನ ಹೆಸರಿನ ತಲೆಗೆ ಅಂಟಿಕೊಳ್ಳುತ್ತದೆ ಎಂದು ಅವನ ವಾದ. ಅದು ನಿಜ ಇದ್ದರೂ ಇರಬಹುದು. ಆದರೆ ಆ ಒಂದು ಜಾಗ ಪಂಪಣ್ಣನ ಓಣಿಯ ಹಾಳು ಗಿರಣಿ, ಊರಿನ ಮೂಡಲ ತುದಿ. ನಮ್ಮ ಹುಣಸೆಕಟ್ಟೆ ಓಣಿ ಪಡುವಲ ತುದಿ. ನಡುವೆ ಎರಡು ಹಳ್ಳ, ಒಂದು ಗುಡ್ಡ.

ಹೊರಗಿನ ಸದ್ದು ಕುಡಿಕೆಯೊಳಗೆ ಸೇರಬಾರದಲ್ಲ, ಅದಕ್ಕೆ ಗಿರಣಿಯ ಗೋಡೆ, ಕಿಟಕಿ, ಬಾಗಿಲುಗಳಿಗೆ ಹತ್ತಿ ಗಾದಿ ಹೊದಿಸುವ ಕೆಲಸ ನನಗೆ ಬಂತು. ನಾನು ಹೊದಿಸಿದ್ದು ಹೇಗಿತ್ತೆಂದರೆ, ಹೊರಗೆ ಸಿಡಿಲು ಬಡಿದರೆ ಒಳಗಿನವರಿಗೆ ಯಾರೋ ಬೆಳ್ಳುಳ್ಳಿ ಸುಲಿದ ಹಾಗೆ. ಕೆಲಸ ಮುಗಿಸಿ ಅಲ್ಲೇ ಮೊದಲ ಕುಡಿಕೆಯಲ್ಲಿ ನನ್ನ ಓಟು ಹಾಕಿ, ಗಾದಿ ಜಾರಿದರೆ ಸರಿಪಡಿಸಲು ಮೂರು ದಿನ ಒಳಗೇ ಕೂತೆ. ಬಂದವರಿಗೆಲ್ಲ ನನ್ನ ಹತ್ತಿಯ ಹೆಚ್ಚುಗಾರಿಕೆ ಹೇಳಿದೆ.

ಹೊರಗೆ ಮೂರು ದಿನ ಸಾಲು ನಿಂತಿತ್ತು. ಮೊದಲ ದಿನ ಪಂಪಣ್ಣನ ಓಣಿ, ಅಕ್ಕಪಕ್ಕದ ಓಣಿಗಳು ಮುಗಿದವು. ಎರಡನೆಯ ದಿನ ನಡು ಊರು. ನಮ್ಮ ಓಣಿಯ ಪಾಳಿ ಬಂದದ್ದು ಮೂರನೆಯ ದಿನ. ಆ ಸಾಲಿನ ಬಗ್ಗೆ ಜನ ಏನೇನೋ ಹೇಳುತ್ತಾರೆ. ಒಬ್ಬ ಜಾಗ ಹಿಡಿಯಲು ಊರಿದ ಬೇಲಿಗೂಟ ಪಾಳಿ ಬರುವಷ್ಟರಲ್ಲಿ ಚಿಗುರಿತಂತೆ. ಒಬ್ಬಳು ಬೀಸುವ ಕಲ್ಲನ್ನೇ ಹೊತ್ತು ತಂದು ಒಂದು ಚೀಲ ಜೋಳ ಬೀಸಿದಳಂತೆ, ಹಿಟ್ಟಿನ ಗೆರೆ ಹಳ್ಳದಿಂದ ಗಿರಣಿವರೆಗೆ ಬಿದ್ದಿತ್ತಂತೆ. ಇವು ನಾನು ಹುಟ್ಟಿಸಿದವಲ್ಲ, ನನಗೆ ಹೊಟ್ಟೆಕಿಚ್ಚು ಬಂದದ್ದುಂಟು.

ಹುಟ್ಟಿಸದ ಮಾತು ಇದು. ಬಿಸಿಲಿಗೆ ಮುದುಕರು ಗಿಡದ ನೆರಳು ಹುಡುಕಿ ಹೋಗುತ್ತಿದ್ದರು, ಬಾಣಂತಿಯರು ಕೂಸಿಗೆ ಹಾಲು ಕೊಡಲು ಹೋಗುತ್ತಿದ್ದರು, ತಿರುಗಿ ಬರುವಷ್ಟರಲ್ಲಿ ಪಾಳಿ ತಪ್ಪುತ್ತಿತ್ತು. ಪಾಳಿ ತಪ್ಪಿದವರನ್ನು ಪಂಪಣ್ಣನ ಜನ ಸಾಲಿನ ಕೊನೆಗೆ ಕಳಿಸುತ್ತಿದ್ದರು. ಆಗ ನನ್ನ ಇಮಾಂಬಿ ಸಾಲನ್ನು ಕೈಗೆ ತೆಗೆದುಕೊಂಡಳು. ಯಾರ ಹಿಂದೆ ಯಾರು ಎಂದು ಐನೂರು ಜನರ ಹೆಸರು ಬಾಯಿಪಾಠ ಮಾಡಿ, ಪಾಳಿ ಹತ್ತಿರ ಬಂದ ಹಾಗೆ ಕರೆಯತೊಡಗಿದಳು. ಅವಳ ದನಿ ಎಂಥದ್ದೆಂದರೆ, ಓಣಿಯಲ್ಲಿ ನಿಂತು ಕರೆದರೆ ಗುಡ್ಡಕ್ಕೆ ಮೇಯಲು ಹೋದ ಆಡುಗಳು ತಲೆ ಎತ್ತುತ್ತಿದ್ದವು. ಬೇವಿನ ಗಿಡದ ಕೆಳಗಿದ್ದವರು, ಹಳ್ಳದಲ್ಲಿ ನೀರು ಕುಡಿಯುತ್ತಿದ್ದವರು, ನಿದ್ದೆ ಹೋದವರು, ಎಲ್ಲರೂ ಅವಳ ದನಿ ಹಿಡಿದು ಬಂದು ಅವರವರ ಜಾಗದಲ್ಲಿ ನಿಂತರು. ಮೂರು ದಿನ ಕರೆದಳು. ನಮ್ಮ ಓಣಿಯ ಒಬ್ಬರ ಪಾಳಿಯೂ ತಪ್ಪಲಿಲ್ಲ. ನಾನು ಮೂವತ್ತು ಮೊಳ ದೂರದಲ್ಲಿ ನನ್ನ ಹತ್ತಿಯೊಳಗೆ ಕೂತಿದ್ದೆ. ಒಂದು ಸೊಲ್ಲೂ ಕೇಳಲಿಲ್ಲ.

ಅವಳು ಒಳಗೆ ಬಂದಾಗ ನನ್ನನ್ನು ನೋಡಿ ನಕ್ಕಳು, ಮಾತಾಡಲಿಲ್ಲ. ಪರದೆಯ ಹಿಂದೆ ಹೋಗಿ ಕುಡಿಕೆ ಮುಚ್ಚಿ ಬಂದಳು. ದನಿ ಬಿದ್ದುಹೋಗಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಶುಂಠಿ ಕೊಟ್ಟೆ, ಜ್ಯೇಷ್ಠಮಧು ಕೊಟ್ಟೆ, ದರ್ಗಾದ ಊದುಬತ್ತಿಯ ಬೂದಿ ಗಂಟಲಿಗೆ ಹಚ್ಚಿದೆ. ಪಂಡಿತರು ಟಾರ್ಚು ಹಾಕಿ ನೋಡಿ, ಒಳಗೆ ಎಲ್ಲ ಸರಿ ಇದೆ, ದನಿ ಮಾತ್ರ ಖರ್ಚಾಗಿದೆ ಎಂದರು. ಕೊನೆಯ ಚೂರು ಆ ಕುಡಿಕೆಯಲ್ಲಿತ್ತು.

ಎಣಿಕೆ ಶುರುವಾಯಿತು. ನಾಲ್ಕು ಸಾವಿರದ ಇನ್ನೂರು ಕುಡಿಕೆ. ಒಡೆಯುವವನು ಕಂಚುಗಾರ ಕಾಳಾಚಾರಿ, ಗಂಟೆಯನ್ನು ಮುಟ್ಟದೆ ಅದರ ಬಿರುಕು ಕೇಳಿಸಿಕೊಳ್ಳುವ ಮನುಷ್ಯ. ಅವನ ಆಚೆ ಈಚೆ ಎರಡೂ ಕಡೆಯ ಒಬ್ಬೊಬ್ಬರು. ಒಂದು ಕುಡಿಕೆ ಒಡೆದ ಮೇಲೆ ಆ ದನಿ ನೆಲಕ್ಕೆ ಕೂರುವವರೆಗೆ ಕಾಯಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅಡ್ಡ ಬರುತ್ತದೆ. ಹೀಗಾಗಿ ದಿನಕ್ಕೆ ನಲವತ್ತು. ಯಾರಾದರೂ ಸೀನಿದರೆ ಜಗಳ, ಆ ದಿನ ಮೂವತ್ತು. ಊರು ಹೊಂದಿಕೊಂಡಿತು. ಒನಕೆಗಳಿಗೆ ಬಟ್ಟೆ ಸುತ್ತಿದರು. ಎಣಿಕೆಯ ಹೊತ್ತಿನಲ್ಲಿ ಹುಂಜಗಳ ಮೇಲೆ ಬುಟ್ಟಿ ಕವುಚಿದರು. ಎರಡು ಮದುವೆ ವಾಲಗವಿಲ್ಲದೆ ಆದವು; ತಾಳಿ ಕಟ್ಟಿದ್ದು ಗೊತ್ತಾಗದೆ ಒಬ್ಬ ಸೋದರಮಾವ ಅಕ್ಕಿ ಕಾಳು ಹಿಡಿದುಕೊಂಡೇ ಸಂಜೆವರೆಗೆ ಕೂತಿದ್ದ. ಜನ ಕೈಸನ್ನೆಯಲ್ಲಿ ಮಾತಾಡಲು ಕಲಿತರು, ಕಲಿಸಿದವಳು ಇಮಾಂಬಿ. ಎರಡು ಬೆರಳು ಕೆನ್ನೆಗೆ ಮುಟ್ಟಿಸಿದರೆ ಸಾರು ಆಯಿತೇ ಎಂದು. ಮುಂಗೈ ಕೊಡವಿದರೆ ಮೌಲಪ್ಪ ಸುಳ್ಳು ಹೇಳುತ್ತಿದ್ದಾನೆ ಎಂದು. ಈ ಎರಡನೆಯದು ಬೇಗ ಹರಡಿತು.

ನಾನು ದಿನವೂ ಗಿರಣಿಯಲ್ಲಿ ಪೆಟ್ಟಿಗೆಯಿಂದ ಕುಡಿಕೆ ಎತ್ತಿ ಕಾಳಾಚಾರಿಯ ಮುಂದೆ ಇಡುತ್ತಿದ್ದೆ. ಎಣಿಕೆಗೆಂದು ಒಂದು ಕಿಟಕಿಯ ಗಾದಿ ತೆಗೆದಿದ್ದರು, ಹೊರಗಿನಿಂದ ಜನ ನೋಡಲಿ ಎಂದು. ಅಲ್ಲಿ ನಿಂತವರಲ್ಲಿ ಎಲ್ಲರೂ ಲೆಕ್ಕಕ್ಕೆ ಬಂದವರಲ್ಲ. ಊರು ಬಿಟ್ಟು ಹೋದ ತಮ್ಮನ ದನಿ ಕೇಳಲು ಒಬ್ಬಳು ತಿಂಗಳುಗಟ್ಟಲೆ ಬಂದಳು. ಕೇಳಿದ ದಿನ ಅವನು ಮೂಗು ಹಿಡಿದುಕೊಂಡು ಹೇಳಿದ್ದ, ಆದರೂ ಗುರುತು ಹಿಡಿದು ಸೆರಗು ಬಾಯಿಗೆ ತುರುಕಿಕೊಂಡು ಹೋದಳು. ಇಮಾಂಬಿಯೂ ಬಂದು ನಿಲ್ಲುತ್ತಿದ್ದಳು, ಪಕ್ಕದ ಮನೆಯ ಈರಜ್ಜಿಯ ಕೈ ಹಿಡಿದುಕೊಂಡು.

ಮನೆಯಲ್ಲಿ ನಾನೊಬ್ಬನೇ ಮಾತಾಡುತ್ತಿದ್ದೆ. ಮೊದಲೂ ಹಾಗೇ ಇತ್ತು, ಆದರೆ ಆಗ ಗೊತ್ತಾಗಿರಲಿಲ್ಲ. ಒಂದು ದಿನ ಹತ್ತಿ ಹಿಂಜುತ್ತಾ ಅವಳ ದನಿ ನೆನೆಸಿಕೊಳ್ಳೋಣ ಎಂದು ನೋಡಿದೆ. ಆಗಲಿಲ್ಲ. ಮೂವತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದವಳು ನನ್ನನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಳು ಎಂದು ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟು ಕಣ್ಣು ಮುಚ್ಚಿ ಹುಡುಕಿದೆ. ಕೇಳಿದ್ದು ನನ್ನ ದನಿಯೇ, ಯಾವುದೋ ಕಥೆಯ ನಡುವೆ. ಅವಳು ಕರೆದಾಗಲೆಲ್ಲ ನಾನು ಏನೋ ಹೇಳುತ್ತಿದ್ದೆ ಅಂತ ಕಾಣುತ್ತದೆ. ಅಂದಿನಿಂದ ನನಗೆ ಆ ಕುಡಿಕೆಯ ಹುಚ್ಚು ಹಿಡಿಯಿತು. ಒಂದು ಹೆಸರಷ್ಟೇ ಇರಲಿ, ಅದು ಪಂಪಣ್ಣನ ಹೆಸರೇ ಆಗಲಿ, ಅವಳ ಬಾಯಿಂದ ಒಮ್ಮೆ ಕೇಳಿದರೆ ಸಾಕು. ಈ ಸಲ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಒಳಗೆ ಏನು ಹೇಳಿದ್ದೀ ಎಂದು ಅವಳನ್ನೇ ಕೇಳಿದ್ದಕ್ಕೆ ತುಟಿಯ ಮೇಲೆ ಬೆರಳಿಟ್ಟಳು. ಓಟು ಗುಟ್ಟಿನದು, ಗಂಡನಿಗೂ ಹೇಳುವಂತಿಲ್ಲ.

ಮೂರು ತಿಂಗಳಾಯಿತು. ಒಂದು ಮಧ್ಯಾಹ್ನ ಕಾಳಾಚಾರಿ ಕುಡಿಕೆ ಒಡೆಯುವ ಕೊಡತಿ ಕೆಳಗಿಟ್ಟು ಲೆಕ್ಕ ಹೇಳಿದ. ಪಂಪಣ್ಣ ಮುಂದಿರುವುದು ಐನೂರ ಐವತ್ತೊಂದರಿಂದ, ಉಳಿದಿರುವ ಕುಡಿಕೆ ಐನೂರ ನಲವತ್ತು. ಇನ್ನು ಒಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ಉಳಿದವು ಮೂರನೆಯ ದಿನದ ಪೆಟ್ಟಿಗೆಗಳು, ನಮ್ಮ ಓಣಿಯವು. ಅವನ್ನು ನಾಳೆ ಗಾಡಿಗೆ ಹೇರಿ ಹಳ್ಳದ ದಾರಿಯ ಗುಂಡಿಗೆ ತುಂಬಿಸುವುದೆಂದು ಪಂಪಣ್ಣನ ಜನ ಮಾತಾಡಿಕೊಂಡರು. ಒಡೆದ ಮಡಕೆಚೂರು ಕೆಸರಿಗೆ ಒಳ್ಳೆಯದಂತೆ.

ನಾನು ಕಾಳಾಚಾರಿಯ ಕಾಲಿಗೆ ಬಿದ್ದೆ. ಅವನ ಕಣ್ಣೂ ಒದ್ದೆಯಾಯಿತು, ಆದರೆ ನಿಲ್ಲಿಸು ಎಂದರೆ ನಿಲ್ಲಿಸಬೇಕು, ಅಧ್ಯಕ್ಷ ಹೇಳಿದರೆ ಮಾತ್ರ ಮುಂದುವರಿಸಬಹುದು ಎಂದ. ಇಮಾಂಬಿ ಕಿಟಕಿಯಾಚೆ ನಿಂತಿದ್ದಳು. ಅವಳು ಕೈಸನ್ನೆ ಏನೂ ಮಾಡಲಿಲ್ಲ. ಅವಳ ಕೈಗಳು ಸುಮ್ಮನೆ ಇದ್ದದ್ದು ಮೂರು ತಿಂಗಳಲ್ಲಿ ಅದೇ ಮೊದಲು.

ನಾನು ಓದಿಲ್ಲ, ಬರೆದಿಲ್ಲ. ನನ್ನ ಹತ್ತಿರ ಇರುವುದು ಒಂದೇ ವಿದ್ಯೆ. ನೆಟ್ಟಗೆ ಪಂಪಣ್ಣನ ಮನೆಗೆ ಹೋದೆ. ಅವನು ಆಗಲೇ ಹಾರ ಹಾಕಿಕೊಂಡು ಕೂತಿದ್ದ.

“ಏನೋ ಪಿಂಜಾರ, ಗಾದಿ ಬಿಚ್ಚಾಕ ಬಂದೇನು?” ಎಂದ.

“ಬಿಚ್ಚತೀನ್ರೀ ಯಜಮಾನ್ರ. ಆದರ ಒಂದು ಮಾತು ಹೊಟ್ಟ್ಯಾಗ ಇಟಗೊಂಡು ಹೋದ್ರ ನನಗ ಅಜೀರ್ಣ ಆಗತೈತಿ. ಮಧ್ಯಾಹ್ನ ಉಂಡು ಆ ಉಳದ ಪೆಟಿಗಿ ಮ್ಯಾಲ ತಲಿ ಇಟ್ಟು ಅಡ್ಡಾಗಿದ್ದೆ. ಒಳಗ ಜೇನು ಗುಂಯ್‌ಗುಟ್ಟಿದಂಗ ಒಂದ ಹೆಸರು. ಐನೂರ ನಲವತ್ತೂ ಒಂದ.”

“ಯಾರದು?”

“ಅದನ್ನ ನನ್ನ ಬಾಯಾಗ ಹೇಳಸ್ತೀರಲ್ರೀ” ಎಂದು ನಾನು ಅವನ ಹಾರವನ್ನು ನೋಡಿದೆ, ನಾಚಿಕೊಂಡ ಹಾಗೆ ಮಾಡಿದೆ.

ಅವನು ಹಾರ ಸರಿಪಡಿಸಿಕೊಂಡ. ನಾನು ಸುಳ್ಳುಗಾರ ಎನ್ನುವುದು ಅವನಿಗೆ ಗೊತ್ತು, ಊರಿಗೇ ಗೊತ್ತು. ಆದರೆ ಹಾರ ಕೊರಳಲ್ಲಿ ಇದ್ದಾಗ ಮನುಷ್ಯನ ಕಿವಿ ಬೇರೆ ರೀತಿ ಕೆಲಸ ಮಾಡುತ್ತದೆ. ಇಲ್ಲಿಯವರೆಗೆ ಯಾರೂ ಸಾವಿರ ದಾಟಿ ಗೆದ್ದಿಲ್ಲ, ಎಣಿಸಿದರೆ ನಿಮ್ಮ ಗೆಲುವನ್ನು ಮೊಮ್ಮಕ್ಕಳ ಕಾಲಕ್ಕೂ ಹಾಡುತ್ತಾರೆ, ಎಣಿಸದಿದ್ದರೆ ಆ ಐನೂರು ಜನರ ಪ್ರೀತಿ ಗುಂಡಿಯಲ್ಲಿ ಕೊಳೆಯುತ್ತದೆ ಎಂದೆಲ್ಲ ಹೇಳಿದೆ. ಮರುದಿನ ಎಣಿಕೆ ಮುಂದುವರಿಯಿತು. ಪಂಪಣ್ಣ ತಾನೇ ಬಂದು ಕುರ್ಚಿ ಹಾಕಿಸಿಕೊಂಡು ಮುಂದೆ ಕೂತ.

ಮೊದಲ ಕುಡಿಕೆ ಒಡೆಯಿತು. ದುರುಗವ್ವ, ಎಂದಿತು ಒಂದು ಒಣಗಿದ ಗಂಟಲು. ಎರಡನೆಯದು, ದುರುಗವ್ವ. ಮೂರು, ನಾಲ್ಕು, ಹದಿನೇಳು. ಮೂರು ದಿನ ಬಿಸಿಲಲ್ಲಿ ನಿಂತವರು ಮೂಗನ್ನೂ ಹಿಡಿದುಕೊಂಡಿರಲಿಲ್ಲ, ಬಾಯಲ್ಲಿ ಅಡಿಕೆಯನ್ನೂ ಇಟ್ಟುಕೊಂಡಿರಲಿಲ್ಲ. ಕೆಲವರು ಹೆಸರಿನ ಜೊತೆ ಪಂಪಣ್ಣನ ವಂಶವನ್ನೂ ಸ್ಮರಿಸಿದ್ದರು, ಅವು ಕೆಟ್ಟ ಕುಡಿಕೆ ಎಂದು ತೆಗೆದಿಟ್ಟರು. ಪಂಪಣ್ಣ ನನ್ನ ಕಡೆ ನೋಡಿದ. ನಾನು ಗಾದಿಯ ಹೊಲಿಗೆ ನೋಡಿದೆ. ನಿಲ್ಲಿಸು ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಕಿಟಕಿಯಲ್ಲಿ ಅಷ್ಟು ಜನ. ನಿಲ್ಲಿಸಿದರೆ ಇನ್ನೂ ಕೇಡು. ಹದಿನಾಲ್ಕು ದಿನ ಅವನು ಆ ಕುರ್ಚಿಯ ಮೇಲೆ ಕೂತು ತನ್ನ ಹೆಸರಲ್ಲದ ಹೆಸರನ್ನು ಕೇಳಿದ. ಗೆಲುವು ದಿನದಿನವೂ ಸವೆಯುತ್ತಾ ಬಂತು. ಐದನೆಯ ದಿನದಿಂದ ಹಾರ ಹಾಕಿಕೊಂಡು ಬರುವುದನ್ನು ಬಿಟ್ಟ.

ಹದಿನಾಲ್ಕನೆಯ ದಿನ ಕೊನೆಯ ಪೆಟ್ಟಿಗೆಯ ತಳದಲ್ಲಿ ಒಂಬತ್ತು ಕುಡಿಕೆ ಇದ್ದವು. ಒಂದನ್ನು ಎತ್ತಿದೆ. ಮುಚ್ಚಳದ ಮೇಲೆ ಹೆಬ್ಬೆಟ್ಟಿನ ಗುರುತು, ಅದರ ನಡುವೆ ಅಡ್ಡ ಗೆರೆ. ನಮ್ಮ ಮದುವೆಯಾದ ವರ್ಷ ಈಳಿಗೆ ಮಣೆಯಲ್ಲಿ ಇಮಾಂಬಿಯ ಹೆಬ್ಬೆರಳು ಕೊಯ್ದುಕೊಂಡಿತ್ತು. ನಾನು ಆಗ ಅವಳಿಗೆ ಒಂದು ಕಥೆ ಹೇಳುತ್ತಿದ್ದೆ, ಅವಳು ನಗುವಾಗ ಕೈ ಜಾರಿತ್ತು.

ಕುಡಿಕೆ ಹಗುರವಾಗಿತ್ತು. ಕಿವಿಗೆ ಹಿಡಿದೆ, ಏನೂ ಇಲ್ಲ. ಒಡೆದರೆ ಒಂದೇ ಸಲ. ಪಕ್ಕದಲ್ಲೇ ನನ್ನ ಹತ್ತಿ ಚೀಲ ಬಾಯಿ ತೆರೆದುಕೊಂಡಿತ್ತು. ಒಂದು ಕುಡಿಕೆ ಕಡಿಮೆಯಾದರೆ ಯಾರ ಗೆಲುವೂ ಸೋಲಾಗುವುದಿಲ್ಲ. ಹತ್ತಿಯಲ್ಲಿ ಸುತ್ತಿ ಮನೆಗೆ ಒಯ್ದರೆ ನಾನು ಸಾಯುವವರೆಗೆ ಅವಳ ದನಿ ನಮ್ಮ ಮನೆಯ ಗೂಡಿನಲ್ಲಿ ಇರುತ್ತದೆ. ಕೇಳಲಿಕ್ಕಲ್ಲ, ಇದೆ ಎನ್ನಲಿಕ್ಕೆ. ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕಾಳಾಚಾರಿಗೆ ಗೊತ್ತಾಯಿತು. ಅವನು ಮುಖ ಆಚೆ ತಿರುಗಿಸಿ ಕೊಡತಿಯ ಹಿಡಿ ಒರೆಸುತ್ತಾ ಕೂತ.

ಕಿಟಕಿಯ ಕಡೆ ನೋಡಿದೆ. ಇಮಾಂಬಿ ನನ್ನನ್ನೇ ನೋಡುತ್ತಿದ್ದಳು. ಅಂಗೈ ಕೆಳಗೆ ಮಾಡಿ ನಿಧಾನವಾಗಿ ಇಳಿಸಿದಳು. ಇಡು, ಎಂದು. ನಾನು ತಲೆ ಅಲ್ಲಾಡಿಸಿದೆ. ಅವಳು ಮತ್ತೆ ಇಳಿಸಿದಳು, ಆಮೇಲೆ ಎದೆ ಮುಟ್ಟಿಕೊಂಡಳು. ಇಡು, ಅದು ನನ್ನದು. ನಾನು ಇಟ್ಟೆ.

ಕಾಳಾಚಾರಿ ಕೊಡತಿ ಎತ್ತಿದ. ಟಪ್ಪೆಂದು ಮಣ್ಣು ಒಡೆಯಿತು.

“ಈರಜ್ಜೀ, ಮುಂದ ಬಾರವ್ವಾ. ನಿನ್ನ ಪಾಳಿ ಬಂತು.”

ಅಷ್ಟೇ. ಒಡಕು ದನಿ, ಕೊನೆಯಲ್ಲಿ ಬರೀ ಉಸಿರು. ಮೂರು ದಿನ ಕರೆದು ಕರೆದು, ಕುಡಿಕೆ ಬಾಯಿಗೆ ಬಂದಾಗ ಅವಳ ನಾಲಿಗೆಗೆ ಬೇರೆ ಏನೂ ಗೊತ್ತಿರಲಿಲ್ಲ. ಸಾಲಿನಲ್ಲಿ ಅವಳ ಹಿಂದೆ ಇದ್ದವಳು ಈರಜ್ಜಿ.

ಕಿಟಕಿಯ ಹೊರಗೆ ನಿಂತಿದ್ದ ಜನ, ನಮ್ಮ ಓಣಿಯವರು, ಮೂರನೆಯ ದಿನದವರು, ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಸರಿದರು. ಯಾರೂ ಸರಿಯಬೇಕೆಂದು ಸರಿದದ್ದಲ್ಲ. ಅವರ ಕಾಲಿಗೆ ಆ ದನಿ ನೆನಪಿತ್ತು. ಅಷ್ಟು ಹೆಜ್ಜೆಗಳ ಸದ್ದು ಕಿಟಕಿಯಿಂದಷ್ಟೇ ಅಲ್ಲ, ನನ್ನ ಹತ್ತಿಯನ್ನೂ ದಾಟಿ ಒಳಗೆ ಬಂತು. ಪಂಪಣ್ಣ ಎದ್ದು ನಿಂತ, ಮತ್ತೆ ಕೂತ.

“ಕೆಟ್ಟ ಕುಡಿಕಿ” ಎಂದ ಕಾಳಾಚಾರಿ. ಹೇಳಲೇಬೇಕು, ಅದು ಅವನ ಕೆಲಸ. ಆದರೆ ದನಿ ಕೂರಲಿ ಎಂದು ಮುಂದಿನ ಕುಡಿಕೆಗೆ ಅವನು ಆ ದಿನ ಕಾದಷ್ಟು ಹೊತ್ತು ಯಾವತ್ತೂ ಕಾದಿರಲಿಲ್ಲ.

ಪಂಪಣ್ಣ ಎಪ್ಪತ್ತೈದರಿಂದ ಗೆದ್ದ. ಮೆರವಣಿಗೆ ಬೇಡ ಎಂದ. ಎರಡನೆಯ ಚುನಾವಣೆಗೆ ಕುಡಿಕೆ ಇಡುವ ಜಾಗಗಳ ಪಟ್ಟಿ ಬಂದಾಗ ಐದು ಇದ್ದವು. ಒಂಬತ್ತಲ್ಲ, ಐದು. ಅದರಲ್ಲಿ ಒಂದು ಹುಣಸೆಕಟ್ಟೆ. ನನ್ನ ಸುಳ್ಳಿಗೆ ಅವನು ಮಾಡಿದ ಶಿಕ್ಷೆ ಎಂದರೆ ಇವತ್ತಿಗೂ ಅವನ ಮನೆಯ ಗಾದಿಗಳನ್ನು ಬೇರೆ ಊರಿನವನ ಕೈಯಲ್ಲಿ ತುಂಬಿಸುತ್ತಾನೆ. ಅವನ ಸೊಂಟ ಹಾಳಾಗಿದೆ ಎಂದು ಕೇಳಿದ್ದೇನೆ.

ಮನೆಗೆ ಬಂದ ಮೇಲೆ ಎರಡು ದಿನ ನಾನು ಮಾತಾಡಲಿಲ್ಲ. ಕಿವಿಯಲ್ಲಿ ಆ ಆರು ಮಾತು ಇದ್ದವು, ನನ್ನ ಬಾಯಿ ತೆರೆದರೆ ಚೆಲ್ಲಿಹೋಗುತ್ತವೆ ಎಂದು ಹೆದರಿಕೆ. ಓಣಿಯವರು ನನಗೆ ಕಾಯಿಲೆ ಎಂದುಕೊಂಡು ಗಂಜಿ ಕಳಿಸಿದರು. ಮೂರನೆಯ ದಿನ ಅವು ಮಸುಕಾದವು. ದಿಗಿಲು ಬಿದ್ದು ನಾನೇ ಹೇಳಿ ನೋಡಿದೆ, ಅವಳ ಹಾಗೆ. ಒಲೆಯ ಮುಂದೆ ಕೂತಿದ್ದ ಇಮಾಂಬಿ ತಿರುಗಿ ನೋಡಿ ಮುಂಗೈ ಕೊಡವಿದಳು. ಸುಳ್ಳು. ಮತ್ತೆ ಹೇಳಿದೆ. ಅಂಗೈ ಮೇಲೆ ಮಾಡಿ ಎತ್ತಿದಳು, ಇನ್ನೂ ಮೇಲಿನಿಂದ ಶುರು ಮಾಡು ಎಂದು. ಎತ್ತಿದೆ. ಬೆರಳುಗಳನ್ನು ಗಾಳಿಯಲ್ಲಿ ನೂಲಿನ ಹಾಗೆ ಎಳೆದಳು, ಅಜ್ಜಿ ಎನ್ನುವುದನ್ನು ಉದ್ದ ಮಾಡು ಎಂದು. ಎಳೆದೆ. ಸಂಜೆಯಾದರೆ ಇದೇ ನಮ್ಮ ಕೆಲಸವಾಯಿತು. ನಾನು ಕರೆಯುವುದು, ಅವಳು ತಿದ್ದುವುದು. ನನಗೆ ಕಲಿಸಿದ ಮೇಷ್ಟರು ಯಾರೂ ಇರಲಿಲ್ಲ, ಈಗ ಒಬ್ಬಳಿದ್ದಾಳೆ, ಬಹಳ ಬಿಗಿ.

ಒಂದು ದಿನ ಊಟದ ಹೊತ್ತಿಗೆ, ಅವಳು ತಾಟು ಇಡುತ್ತಿದ್ದಾಗ, ನಾನು ಹೊಸ್ತಿಲ ಮೇಲೆ ನಿಂತು ಕಣ್ಣು ಮುಚ್ಚಿ ಕರೆದೆ. ಯಾವ ಕಥೆಯೂ ತಲೆಯಲ್ಲಿ ಇರಲಿಲ್ಲ. ಈರಜ್ಜೀ, ಮುಂದ ಬಾರವ್ವಾ, ನಿನ್ನ ಪಾಳಿ ಬಂತು. ಇಮಾಂಬಿಯ ಕೈ ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಪಕ್ಕದ ಮನೆಯಲ್ಲಿ ಕೋಲು ಊರಿದ ಸದ್ದು ಕೇಳಿತು.

“ಬಂದ್ನೆವ್ವಾ ಇಮಾಂಬಿ, ಬಂದೆ” ಎಂದಿತು ಒಂದು ಮುದಿ ದನಿ.

ಇಮಾಂಬಿ ಎದ್ದು ಹೋಗಿ ಮೂರನೆಯ ತಾಟು ತಂದಿಟ್ಟಳು.